ಬೀರುವಿನ ಮೇಲಿನ ಮೂಟೆ

ಸ್ಟೂಲಿನ ಮೇಲೆ ನಿಂತಿದ್ದ ಶಾಂಭವಿಯ ಕೈ ಬೀರುವಿನ ಮೇಲಿದ್ದ ಮೂಟೆಯವರೆಗೂ ಹೋಯಿತು, ಮುಟ್ಟದೆ ಹಿಂದಕ್ಕೆ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಕೆಳಗೆ ಹಾಲ್‌ನಲ್ಲಿ ತೀರಿಕೊಂಡ ಅತ್ತೆಯನ್ನು ಮಲಗಿಸಿದ್ದರು. ಬೆಳಗ್ಗೆ ಆಸ್ಪತ್ರೆಯಿಂದ ತಂದು, ಸ್ನಾನ ಮಾಡಿಸಿ, ಬಿಳಿ ಹೊದಿಕೆ ಹೊದಿಸಿ ಆಗಿತ್ತು. ಇನ್ನು ಬಟ್ಟೆ ಉಡಿಸಬೇಕು. ಉಡಿಸುವ ಬಟ್ಟೆ ಈ ಮೂಟೆಯಲ್ಲಿದೆ ಎಂದು ಮನೆಮಂದಿಯೆಲ್ಲ ನಂಬಿದ್ದರು. ಅದರಲ್ಲಿ ಇಲ್ಲ ಎಂದು ಗೊತ್ತಿದ್ದವಳು ಶಾಂಭವಿಯೊಬ್ಬಳೇ.

"ಸಿಕ್ತಾ?" ಮೆಟ್ಟಿಲ ಬುಡದಿಂದ ಗಂಡ ಸುಪ್ರೀತ್ ಕೂಗಿದ.

"ನೋಡ್ತಿದೀನಿ."

ಬಾಗಿಲಲ್ಲಿ ಮಗಳು ವಿಸ್ಮಯಾ ನಿಂತಿದ್ದಳು. ಹದಿನೈದು ವರ್ಷ, ಮೂಗು ಕೆಂಪಗಾಗಿತ್ತು. "ಅಮ್ಮಾ, ಇಟ್ಸ್ ರೈಟ್ ದೇರ್ ಲಾ. ಯುವರ್ ಹ್ಯಾಂಡ್ ಈಸ್ ಆಲ್ಮೋಸ್ಟ್ ಆನ್ ಇಟ್."

"ಗೊತ್ತು ಕಣೇ. ನೀನು ಹೋಗಿ ತಾತನ ಹತ್ರ ಕೂತ್ಕೋ. ಬಂದೆ."

ಮೂಟೆಯೇನು ದೊಡ್ಡದಲ್ಲ, ಎರಡು ದಿಂಬಿನಷ್ಟು. ನೀಲಿ ಹೂವಿನ ಹಳೇ ಬೆಡ್‌ಶೀಟಿನ ತುಂಡಿನಲ್ಲಿ ಸುತ್ತಿದ್ದು. ಶಾಂಭವಿ ಅದರ ಗಂಟನ್ನೇ ದಿಟ್ಟಿಸಿದಳು. ಎರಡು ಸುತ್ತು ಹಾಕಿ, ಬಾಲವನ್ನು ಒಳಕ್ಕೆ ಸಿಕ್ಕಿಸಿ, ಎಲ್ಲಿ ಶುರು ಎಲ್ಲಿ ಕೊನೆ ಎಂದು ತಿಳಿಯದ ಹಾಗೆ ಬಿಗಿದ ಗಂಟು. ಅರಸೀಕೆರೆಯಲ್ಲಿ ಅವಳ ತಾಯಿ ರೈಲು ಪ್ರಯಾಣದ ಬುತ್ತಿ ಕಟ್ಟುತ್ತಿದ್ದದ್ದು ಹೀಗೆಯೇ, ಅವಳಿಗೂ ಅದೇ ಕೈರೂಢಿ. ನಾಲ್ಕು ವರ್ಷದ ಹಿಂದೆ ಅವಳೇ ಹಾಕಿದ ಗಂಟು ಹಾಕಿದ ಹಾಗೆಯೇ ಇತ್ತು. ಅಂದರೆ ಯಾರೂ ಬಿಚ್ಚಿಲ್ಲ. ಒಳಗಿರುವುದೂ ಅವಳು ತುರುಕಿದ್ದೇ.

ಅವಳು ಬರಿಗೈಯಲ್ಲಿ ಸ್ಟೂಲಿನಿಂದ ಇಳಿದಳು.

*

ಸುಪ್ರೀತನ ಸಂಬಂಧ ಬಂದಾಗ ಅರಸೀಕೆರೆಯ ನೆಂಟರೆಲ್ಲ "ಹುಡುಗನ ತಾಯಿ ರಷ್ಯಾದವಳಂತೆ" ಎಂದು ಗುಸುಗುಸು ಮಾಡಿದ್ದರು. ಮದುವೆಯಾಗಿ ಮಲೇಶಿಯಾದ ಮೆಲಾಕಾದ ಮನೆಗೆ ಬಂದ ಮೊದಲ ದಿನ, ಕಾಫಿ ಕುಡಿಯುವಾಗ, ಅತ್ತೆಯೇ ಆ ಮಾತು ತೆಗೆದರು.

"ರಷ್ಯಾ ಅಲ್ಲ ಕಣೇ, ಉಕ್ರೇನು. ಪೋಲ್ತಾವಾ ಹತ್ರ ಒಂದು ಹಳ್ಳಿ. ನಿಮ್ಮ ಅರಸೀಕೆರೆ ತಮಿಳುನಾಡಲ್ಲಿದೆ ಅಂದ್ರೆ ನೀನು ಸುಮ್ನೆ ಬಿಡ್ತೀಯಾ?"

ಶಾಂಭವಿ ಕಣ್ಣು ಬಾಯಿ ಬಿಟ್ಟುಕೊಂಡು ನೋಡಿದ್ದಳು. ನೀಲಿ ಕಣ್ಣು, ಬೆಳ್ಳಿಯಂಥ ಕೂದಲು, ಅವಳಿಗಿಂತ ಒಂದು ಗೇಣು ಎತ್ತರದ ಹೆಂಗಸು. ಬಾಯಿ ಬಿಟ್ಟರೆ ಅಗ್ರಹಾರದ ಅಜ್ಜಿ! ಅತ್ತೆ ಹಲೀನಾ ಕನ್ನಡ ಕಲಿತದ್ದು ತನ್ನ ಅತ್ತೆ ರತ್ನಮ್ಮನಿಂದ, ಮೈಸೂರಿನ ಅಡುಗೆಮನೆಯಲ್ಲಿ. ಹಾಗಾಗಿ ಹಾಲು ಉಕ್ಕಿದರೆ "ಅಯ್ಯೋ ನನ್ ಕರ್ಮವೇ" ಎನ್ನುತ್ತಿದ್ದರು, ಅಜ್ಜಿಯನ್ನು ಉಕ್ರೇನಿನ ಮಾತಿನಲ್ಲಿ "ಬಾಬುಸ್ಯಾ" ಎನ್ನುವ ಮೊಮ್ಮಗಳು ಹಟ ಮಾಡಿದರೆ "ಎಲಾ ಇವಳಾ" ಎನ್ನುತ್ತಿದ್ದರು.

ಆ ಅಡುಗೆಮನೆಗೆ ಕಾಲಿಡಲು ಅವರಿಗೆ ಎಂಟು ತಿಂಗಳು ಬೇಕಾಯಿತಂತೆ. ಖಾರ್ಕಿವ್‌ಗೆ ಡಾಕ್ಟರಿಕೆ ಓದಲು ಹೋದ ಮಗ ಉಮಾನಾಥ, ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಹುಡುಗಿಯನ್ನು ಮದುವೆಯಾಗಿ ಕರೆತಂದರೆ ಯಾವ ತಾಯಿ ಆರತಿ ಎತ್ತಿಯಾಳು? ಸಾಲದ್ದಕ್ಕೆ ಸೊಸೆ ಗಂಡನನ್ನು ಎಲ್ಲರೆದುರು "ಉಮಾ, ಉಮಾ" ಎಂದು ಹೆಸರು ಹಿಡಿದು ಕೂಗುತ್ತಿದ್ದಳು. ರತ್ನಮ್ಮ ಅವಳಿಗೆ ನಡುಮನೆಯಲ್ಲೇ ತಟ್ಟೆ ಹಾಕಿ ಬಡಿಸುತ್ತಿದ್ದರು. ಹೀಗಿರುವಾಗ ಒಂದು ದಿನ ದೇವರಾಜ ಮಾರುಕಟ್ಟೆಯಲ್ಲಿ ಹಲೀನಾ ಸೊಪ್ಪಿನವಳ ಮುಂದೆ ನಿಂತವಳು ನಿಂತೇ ಬಿಟ್ಟಳು. ಒಂದು ಕಟ್ಟು ಸಬ್ಬಸಿಗೆ ಎತ್ತಿ ಮೂಗಿಗೆ ಒತ್ತಿ ಹಿಡಿದು ಗಳಗಳ ಅತ್ತಳು. ಬುಟ್ಟಿ ಸಮೇತ ಕೊಂಡು ತಂದು ಅತ್ತೆಯ ಮುಂದೆ ಸುರಿದು, ಕೈಸನ್ನೆ ಬಾಯಿಸನ್ನೆಯಲ್ಲಿ ಹೇಳಿದಳು: ಇದು ನಮ್ಮೂರಿನ ಸೊಪ್ಪು, ಇಲ್ಲಿಗೆ ಹೇಗೆ ಬಂತು?

"ನಿಮ್ಮೂರಿಂದ್ಯಾಕೆ ಬರ್ಬೇಕು, ಇದು ನಮ್ಮೂರಿಂದೇ," ಎಂದರಂತೆ ರತ್ನಮ್ಮ. ಸಬ್ಬಸಿಗೆ ಯಾರ ಊರಿನದು ಎಂಬ ಜಗಳ ಅತ್ತೆ ಸೊಸೆಯರ ನಡುವೆ ರತ್ನಮ್ಮ ಕಣ್ಣು ಮುಚ್ಚುವವರೆಗೂ ನಡೆಯಿತು. ಆದರೆ ಆ ಸಂಜೆಯೇ ಹಲೀನಾ ಒಲೆಯ ಮುಂದೆ ಕೂತು ಅಕ್ಕಿರೊಟ್ಟಿ ತಟ್ಟಿದ್ದಳು.

ಉಮಾನಾಥರಿಗೆ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪಾಠ ಹೇಳುವ ಕೆಲಸ ಸಿಕ್ಕಿತು, ಸಂಸಾರ ಇಲ್ಲಿಗೆ ಬಂತು. ಈ ಊರಿನ ಸೆಕೆಗೆ ಸಬ್ಬಸಿಗೆ ಬೇರು ಬಿಡುವ ಮೊದಲೇ ಸೊರಗುತ್ತಿತ್ತು. ಹಲೀನಾ ಬಿಟ್ಟಾರೆಯೇ? ಮೀನಂಗಡಿಯ ಥರ್ಮೊಕೋಲ್ ಡಬ್ಬಿಗಳಿಗೆ ಮಣ್ಣು ತುಂಬಿ, ಮೇಲೆ ಛತ್ರಿ ಕಟ್ಟಿ, ಹಿತ್ತಲಲ್ಲಿ ಬೆಳೆದೇ ತೀರಿದರು. ಶಾಂಭವಿಗೆ ವಿಸ್ಮಯಾ ಹುಟ್ಟಿದಾಗ ಬಾಣಂತನಕ್ಕೆ ಬರಲು ಅವಳ ತಾಯಿ ಬದುಕಿರಲಿಲ್ಲ. "ನಾನಿಲ್ವೇನೇ?" ಎಂದು ಹಲೀನಮ್ಮ ಸೆರಗು ಸಿಕ್ಕಿಸಿ ನಿಂತರು. ಸಬ್ಬಸಿಗೆ ಬೀಜದ ಕಷಾಯ, ಮೆಣಸಿನ ಸಾರು, ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಮೂರು ತಿಂಗಳು ಒಂದು ದಿನ ತಪ್ಪಲಿಲ್ಲ. ರತ್ನಮ್ಮ ತನಗೆ ಮಾಡಿದ್ದನ್ನೆಲ್ಲ ಸೊಸೆಗೆ ಮಾಡಿ ಮುಗಿಸಿದರು. ಆ ಮೂರು ತಿಂಗಳು ಶಾಂಭವಿ ತಾಯಿಯಿಲ್ಲ ಎಂದು ಒಂದು ದಿನವೂ ಅಳಲಿಲ್ಲ.

ಮೂಟೆ ಕಂಡದ್ದು ಅದಕ್ಕೂ ಮುಂಚೆ, ಮದುವೆಯಾದ ವರ್ಷವೇ. ಈಸ್ಟರ್ ಹಬ್ಬಕ್ಕೆ ಮುಂಚೆ ಒಂದು ದಿನ ಅತ್ತೆ ಅದನ್ನು ಬಿಚ್ಚಿ ಹಿತ್ತಲ ತಂತಿಯ ಮೇಲೆ ಒಂದೊಂದಾಗಿ ಬಿಸಿಲಿಗೆ ಹಾಕುತ್ತಿದ್ದರು. ತೋಳಿಗೆ ಕೆಂಪು ಕಸೂತಿಯ ಉದ್ದನೆಯ ಬಿಳಿ ಅಂಗಿ, ಕಪ್ಪು ಲಂಗ, ತಲೆಗೆ ಕಟ್ಟುವ ಬಿಳಿ ವಸ್ತ್ರ, ಕಸೂತಿ ಹಾಕಿದ ಟವೆಲು, ಒಂದು ಮೇಣದಬತ್ತಿ. ಬಿಳಿ ಬಟ್ಟೆಯನ್ನು ಅವರ ತಾಯಿ ಮನೆಯ ಮಗ್ಗದಲ್ಲೇ ನೇಯ್ದಿದ್ದರಂತೆ.

"ಯಾವ ಹಬ್ಬಕ್ಕೆ ಅತ್ತೆ?"

"ಸಾಯೋಕೆ."

"ಬಿಡ್ತು ಅನ್ನಿ!"

ಹಲೀನಮ್ಮ ಹೊಟ್ಟೆ ಹಿಡಿದು ನಕ್ಕರು. "ನಮ್ಮೂರಲ್ಲಿ ಹೆಂಗಸರೆಲ್ಲಾ ರೆಡಿ ಮಾಡಿ ಇಟ್ಕೋತಾರೆ ಕಣೇ. ನೀವು ಮದುವೆ ಸೀರೆ ತೆಗೆದಿಡಲ್ವಾ, ಹಂಗೇ. ನೋಡು, ನನ್ನ ಸುಟ್ರೂ ಸರಿ, ಹೂತ್ರೂ ಸರಿ. ಉಮಾ ಹೋಗೋ ಕಡೆಗೇ ನಾನೂ. ಬಟ್ಟೆ ಮಾತ್ರ ನಂದೇ ಇರ್ಲಿ. ಗಂಡಸರಿಗೆ ಇದೆಲ್ಲಾ ನೆನಪಿರಲ್ಲ. ನಿಂಗೆ ಹೇಳಿದೀನಿ, ಆಯ್ತಾ?"

"ಆಯ್ತು ಅತ್ತೆ," ಎಂದಿದ್ದಳು ಶಾಂಭವಿ. ಹಲೀನಮ್ಮ ತಮ್ಮ ಜೀವಮಾನದಲ್ಲಿ ಅವಳನ್ನು ಕೇಳಿಕೊಂಡದ್ದು ಅದೊಂದೇ.

*

ಕೆಳಗಿನ ಹಾಲ್ ಜನರಿಂದ ತುಂಬಿತ್ತು. ಪೆಟಾಲಿಂಗ್ ಜಯಾದಿಂದ ಎರಡು ಗಂಟೆ ಕಾರು ಓಡಿಸಿಕೊಂಡು ಯಜ್ಞನಾರಾಯಣ ದಂಪತಿ ಬಂದಿದ್ದರು. ಯಜ್ಞನಾರಾಯಣ ಎಂದರೆ ಈ ಸೀಮೆಯ ಕನ್ನಡಿಗರ ಮದುವೆ, ಮುಂಜಿ, ತಿಥಿಗಳಿಗೆಲ್ಲ ಹಿರಿಯ ತಲೆ. ವೃತ್ತಿಯಿಂದ ಎಂಜಿನಿಯರು, ಪ್ರವೃತ್ತಿಯಿಂದ ಪುರೋಹಿತರು. ಯಾರ ಮನೆಯಲ್ಲಿ ಏನಾದರೂ ಕರೆಯುವ ಮೊದಲೇ ಹಾಜರು, ಬಂದ ಮೇಲೆ ಅವರದೇ ಯಜಮಾನಿಕೆ. ಪಕ್ಕದ ಮನೆಯ ತಮಿಳಿನ ಪುಷ್ಪಕ್ಕ ಎಲ್ಲರಿಗೂ ಟೀ ಹಂಚುತ್ತಿದ್ದಳು. ಉಮಾನಾಥರು ಹೆಂಡತಿಯ ತಲೆಯ ಪಕ್ಕ ನೆಲದ ಮೇಲೆ ಕೂತು ಅವರ ಬೆಳ್ಳಿ ಕೂದಲನ್ನು ಬೆರಳಿನಿಂದ ಬಾಚುತ್ತಿದ್ದರು. ಎದುರಿನ ಕುರ್ಚಿಗೆ ಒರಗಿಸಿದ್ದ ಫೋನಿನಲ್ಲಿ ಪೋಲ್ತಾವಾದಿಂದ ಹಲೀನಮ್ಮನ ತಂಗಿ ಒಕ್ಸಾನಾ ಇದ್ದಳು. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಕರೆಂಟು ಇರಲಿಲ್ಲ, ಕಿಟಕಿಯ ಪಕ್ಕ ಕೂತು ಅಳುತ್ತಿದ್ದಳು.

"ಡಾಕ್ಟ್ರೇ, ಸ್ಮಶಾನದಲ್ಲಿ ಒಂದೂವರೆಗೆ ಸ್ಲಾಟು," ಎಂದರು ಯಜ್ಞನಾರಾಯಣ. "ಹನ್ನೆರಡೂವರೆ ಒಳಗೆ ಮನೆ ಬಿಡ್ಬೇಕು. ಇನ್ನೂ ಉಡಿಸೇ ಇಲ್ವಲ್ಲ?"

"ಅಮ್ಮ ಏನೋ ಎತ್ತಿಟ್ಟಿದ್ರು ಅಂಕಲ್," ಎಂದ ಸುಪ್ರೀತ್. "ಶಾಂಭವಿ, ಸಿಗ್ಲಿಲ್ವಾ?"

ಅವಳು ಉತ್ತರ ಹೇಳುವ ಮೊದಲೇ ಯಜ್ಞನಾರಾಯಣರ ಹೆಂಡತಿ ಸರೋಜ ಬಾಯಿ ಹಾಕಿದರು. "ಸಿಗ್ದಿದ್ರೆ ಬಿಡು ಮಗು, ಯಾಕೆ ಒದ್ದಾಡ್ತೀಯ. ನಾನು ಮೈಸೂರು ಸಿಲ್ಕ್ ತಂದಿದೀನಿ. ಹಸಿರುದು, ಹೊಸಾದು, ಮಡಿಕೆ ಕೂಡ ಬಿಚ್ಚಿಲ್ಲ."

"ಅದೇ ಸರಿ," ಎಂದರು ಯಜ್ಞನಾರಾಯಣ. "ಮುತ್ತೈದೆ ಸಾವು. ನಲವತ್ತೇಳು ವರ್ಷ ಸಂಸಾರ ಮಾಡಿದ ಹೆಣ್ಣುಮಗಳು. ಹಸಿರು ಸೀರೆ, ಹಸಿರು ಬಳೆ, ಹಣೆ ತುಂಬಾ ಕುಂಕುಮ ಇಟ್ಟು ಕಳಿಸೋಣ. ಹುಟ್ಟಿದ ಕಡೆ ಪದ್ಧತಿ ಏನೇ ಇರ್ಲಿ, ಸೇರಿದ ಮನೆ ಪದ್ಧತಿ ಅಂತ ಒಂದಿರುತ್ತಲ್ಲ. ಅಂಗಿ ಲಂಗ ಹಾಕಿ ಕಳಿಸಿದ್ರೆ ಚೆನ್ನಾಗಿರುತ್ತೇನ್ರೀ?"

ಶಾಂಭವಿಯ ಎದೆಯ ಮೇಲಿನ ಬಂಡೆಯನ್ನು ಯಾರೋ ಎತ್ತಿದ ಹಾಗಾಯಿತು. ದೇವರೇ ಬಾಗಿಲು ತೆರೆದಿದ್ದಾನೆ! 'ಸಿಗಲಿಲ್ಲ' ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಸೀರೆ ಉಡಿಸುತ್ತಾರೆ. ಮೂಟೆ ಬೀರುವಿನ ಮೇಲೆಯೇ ಇರುತ್ತದೆ. ಹದಿಮೂರು ದಿನ ಕಳೆದ ಮೇಲೆ ಅವಳೇ ಇಳಿಸಿ, ಬಿಚ್ಚಿ, ಮಡಿಸಿಟ್ಟರೆ ಕೇಳುವವರು ಯಾರು?

ಉಮಾನಾಥರು ಕೂದಲು ಬಾಚುತ್ತಿದ್ದ ಕೈ ನಿಲ್ಲಿಸದೆ ಮಾತಾಡಿದರು. "ಸೊಸೆ ಹೇಳ್ಲಿ. ಹಲೀನಾ ಅವಳಿಗೇ ಒಪ್ಪಿಸಿದ್ದು. ಅವಳು ಸೀರೆ ಅಂದ್ರೆ ಸೀರೆ."

ಎಲ್ಲರೂ ಶಾಂಭವಿಯ ಕಡೆ ತಿರುಗಿದರು.

*

ನಾಲ್ಕು ವರ್ಷದ ಹಿಂದೆ ದೀಪಾವಳಿಗೆ ಮನೆಗೆ ಸುಣ್ಣಬಣ್ಣ ಮಾಡಿಸಿದ್ದರು. ಕೊರೊನಾದ ಬಾಗಿಲು ಆಗಷ್ಟೇ ತೆರೆದಿತ್ತು. ಎರಡು ವರ್ಷದ ಕಸವನ್ನೆಲ್ಲ ಒಮ್ಮೆಗೇ ಹೊರಹಾಕುವ ಹುರುಪು ಶಾಂಭವಿಗೆ. ಬೀರುಗಳ ಮೇಲಿದ್ದದ್ದೆಲ್ಲ ಮೆಟ್ಟಿಲ ತಿರುವಿಗೆ ಬಂದು ಬಿದ್ದಿತ್ತು. ಹಳೇ ಬಟ್ಟೆಗಳನ್ನು ಕಟ್ಟಲು ಅವಳು ಒಂದು ಬೆಡ್‌ಶೀಟು ಹರಿದಳು. ಅದು ನೀಲಿ ಹೂವಿನದು. ಅದರ ಜೋಡಿಯನ್ನು ಅತ್ತೆ ಎಂದೋ ತಮ್ಮ ಮೂಟೆಗೆ ಸುತ್ತಿದ್ದರು ಎಂಬುದು ಆ ಗಡಿಬಿಡಿಯಲ್ಲಿ ಅವಳಿಗೆ ಹೊಳೆಯಲಿಲ್ಲ.

"ಸುರಾತ್ ಖಬಾರ್ ಲಾಮಾ..." ಎಂದು ಮೈಕಿನಲ್ಲಿ ಕೂಗುತ್ತ ಹಳೇ ಪೇಪರಿನ ವ್ಯಾನು ಬೀದಿಗೆ ಬಂತು. ಅವಳು ಓಡಿಹೋಗಿ ನಿಲ್ಲಿಸಿ, ಮೂಟೆಗಳನ್ನು ಒಂದೊಂದಾಗಿ ಎಸೆದಳು. ಅವಳು ಕಟ್ಟಿದ್ದು ಮೂರು, ಎಸೆದದ್ದು ನಾಲ್ಕು.

ಸಂಜೆ ಹಲೀನಮ್ಮ ಸೊಪ್ಪು ಬಿಡಿಸುತ್ತ ಕೇಳಿದರು: "ನನ್ನ ಮೂಟೆ ವಾಪಸ್ ಮೇಲಿಟ್ಯೇನೇ?"

"ಇಟ್ಟೆ ಅತ್ತೆ," ಎಂದಿತು ಅವಳ ನಾಲಿಗೆ. ಹಾಗೇಕೆ ಎಂದೆ ಎಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಎಸೆದ ನಾಲ್ಕನೆಯ ಮೂಟೆ ಯಾರದೆಂದು ಆಗಲೇ ಹೊಳೆದದ್ದು. ಮೇಲೆ ಓಡಿ, ಉಳಿದಿದ್ದ ನೀಲಿ ಹೂವಿನ ತುಂಡಿನಲ್ಲಿ ಕೈಗೆ ಸಿಕ್ಕಿದ್ದನ್ನು ತುರುಕಿದಳು. ಯಾವುದೋ ಸಮಾರಂಭದಲ್ಲಿ ಮಾವನಿಗೆ ಉಡುಗೊರೆ ಬಂದು, ಅವರು ಉಡದೆ ಹಾಗೇ ಉಳಿದಿದ್ದ ಒಂದು ಜೊತೆ ಪಂಚೆ, ಮೇಲೆರಡು ದಿಂಬಿನ ಕವರು. ಗಂಟು ಬಿಗಿದು ಬೀರುವಿನ ಮೇಲಿಟ್ಟಳು. ಮರುದಿನ ವ್ಯಾನಿನವನ ಗೋಡೌನು ಹುಡುಕಿಕೊಂಡು ಹೋದಳು. ಅವನು ಮನೆಯೆತ್ತರದ ಬಟ್ಟೆಯ ಗುಡ್ಡವನ್ನು ತೋರಿಸಿ, ನಿನ್ನೆಯದು ಬೆಳಗ್ಗೆಯೇ ಲಾರಿಯಲ್ಲಿ ಹೋಯಿತು ಎಂದ. ಅವಳು ಕಾರಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಈಸ್ಟರ್‌ಗೆ ಅತ್ತೆ ಬಿಚ್ಚಿಯೇ ಬಿಚ್ಚುತ್ತಾರೆ, ಅಷ್ಟರೊಳಗೆ ಹೇಳಿಬಿಡುತ್ತೇನೆ ಎಂದುಕೊಂಡಳು. ಅದಕ್ಕೆ ಮೊದಲೇ ಯುದ್ಧ ಶುರುವಾಯಿತು. ಹಲೀನಮ್ಮ ದಿನವಿಡೀ ಫೋನು ಕಿವಿಗೆ ಒತ್ತಿಕೊಂಡು ತಂಗಿಯ ದನಿಗೆ ಕಾಯುತ್ತಿದ್ದರು. ಆ ವರ್ಷ ಮೂಟೆ ಕೆಳಗಿಳಿಯಲಿಲ್ಲ. "ಬಿಸಿಲಿಗೆ ಹಾಕೋ ಮನಸ್ಸಿಲ್ಲ ಕಣೇ" ಎಂದರು. ಮುಂದಿನ ವರ್ಷವೂ ಇಲ್ಲ. ಊರಿನಿಂದ ಒಂದು ಗೇಣು ಬಟ್ಟೆ ತರಿಸುವ ದಾರಿಯೂ ಮುಚ್ಚಿತ್ತು. ಅಂಥವರಿಗೆ ಹೋಗಿ, ನಿಮ್ಮ ತಾಯಿ ನೇಯ್ದ ಬಟ್ಟೆಯನ್ನು ನಾನು ರದ್ದಿಗೆ ಹಾಕಿದೆ ಎಂದು ಯಾವ ಬಾಯಿಂದ ಹೇಳುವುದು? ಎಷ್ಟೋ ಸಲ ಅಡುಗೆಮನೆಯ ಬಾಗಿಲವರೆಗೂ ಹೋದಳು. ಅತ್ತೆ ತಿರುಗಿ, "ಏನೇ, ಹಸಿವಾ?" ಎನ್ನುತ್ತಿದ್ದರು. ಅವಳು "ಹೂಂ" ಎನ್ನುತ್ತಿದ್ದಳು. ತಟ್ಟೆಗೆ ಬಿಸಿ ರೊಟ್ಟಿ ಬೀಳುತ್ತಿತ್ತು.

*

"ಸೀರೆ ಬೇಡ," ಎಂದಳು ಶಾಂಭವಿ.

ಅವಳ ದನಿ ಅವಳಿಗೇ ಹೊಸದೆನಿಸಿತು. ಮೆಟ್ಟಿಲು ಹತ್ತಿ ಹೋಗಿ ಮೂಟೆ ತಂದು ಮಾವನ ಮುಂದಿಟ್ಟು ಮಂಡಿಯೂರಿ ಕೂತಳು.

"ಮಾವ, ಬಿಚ್ಚೋಕೆ ಮುಂಚೆ ಒಂದು ಮಾತು ಹೇಳ್ಬೇಕು."

"ಬಿಚ್ಚು ತಾಯಿ. ಆಮೇಲೆ ಹೇಳುವೆಯಂತೆ."

"ಇಲ್ಲ ಮಾವ, ಈಗ್ಲೇ ಹೇಳ್ಬೇಕು. ಇದ್ರಲ್ಲಿ ಅತ್ತೆ ಬಟ್ಟೆ ಇಲ್ಲ. ಅದನ್ನ ನಾನು ಪೇಪರ್ ವ್ಯಾನಿಗೆ ಹಾಕ್ಬಿಟ್ಟೆ. ಬೇಕಂತ ಅಲ್ಲ, ಹಳೇ ಬಟ್ಟೆ ಜೊತೆ ಹೋಗ್ಬಿಡ್ತು. ನಾಲ್ಕು ವರ್ಷ ಆಯ್ತು. ಅತ್ತೆಗೆ ಹೇಳೋ ಧೈರ್ಯ ಆಗ್ಲಿಲ್ಲ. ಸುಳ್ಳುಮೂಟೆ ಕಟ್ಟಿಟ್ಟು ಮೋಸ ಮಾಡ್ಬಿಟ್ಟೆ. ಅವರು ನನ್ನ ಕೇಳಿದ್ದು ಇದೊಂದೇ, ಅದನ್ನೂ ನನ್ನ ಕೈಲಿ ಉಳಿಸೋಕಾಗ್ಲಿಲ್ಲ."

"ಅಯ್ಯೋ ಶಿವನೇ," ಎಂದು ಸರೋಜ ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. ಪುಷ್ಪಕ್ಕ ಮಾತ್ರ ಯಾಕೋ ಮುಖ ಆಚೆ ತಿರುಗಿಸಿಕೊಂಡಳು.

"ಸರಿ," ಎಂದರು ಉಮಾನಾಥ. "ಹೇಳಿದ್ದಾಯ್ತಲ್ಲ? ಈಗ ಬಿಚ್ಚು."

ಅವಳ ಬೆರಳು ತಾನೇ ಹಾಕಿದ ಗಂಟನ್ನು ಬಿಚ್ಚಲು ತಡವರಿಸಿತು. ಕೊನೆಗೂ ಬಿಚ್ಚಿದಳು. ನೀಲಿ ಹೂವಿನ ಬಟ್ಟೆ ನಾಲ್ಕು ಕಡೆ ಹರಡಿಕೊಂಡಿತು.

ಮೇಲೆಯೇ ಅಂಗಿ ಇತ್ತು, ಉದ್ದನೆಯ ಬಿಳಿ ಅಂಗಿ. ಕೆಳತುದಿಯ ಸುತ್ತ ಪಂಚೆಯ ಕೆಂಪು ಅಂಚು ಕತ್ತರಿಸದೆ ಹಾಗೇ ಬಂದಿತ್ತು. ತೋಳುಗಳ ಉದ್ದಕ್ಕೂ ಕೆಂಪು ದಾರದ ಕಸೂತಿ, ಒಂದೊಂದು ಹೊಲಿಗೆಯೂ ಸಾಸಿವೆಯಷ್ಟು ಸಣ್ಣದು. ಪುಟ್ಟ ಛತ್ರಿ ಬಿಚ್ಚಿದಂಥ ಹೂಗಳು. ಶಾಂಭವಿಗೆ ಆ ಹೂ ಗುರುತು ಸಿಕ್ಕಿತು. ಹಿತ್ತಲ ಡಬ್ಬಿಗಳಲ್ಲಿ ಬೀಜಕ್ಕೆ ಬಿಟ್ಟ ಸಬ್ಬಸಿಗೆ ಹೀಗೇ ಹೂ ಬಿಡುತ್ತಿತ್ತು. ಅಂಗಿಯ ಕೆಳಗೆ ಇನ್ನೊಂದು ಪಂಚೆಯಲ್ಲಿ ಮಾಡಿದ ತಲೆವಸ್ತ್ರ. ದಿಂಬಿನ ಕವರುಗಳನ್ನು ಜೋಡಿಸಿ ಹೊಲಿದ ಟವೆಲು. ಕಪ್ಪು ಲಂಗ. ಒಂದು ಮೇಣದಬತ್ತಿ.

ಅವಳು ಅಂಗಿಯನ್ನು ಎರಡು ಕೈಯಲ್ಲೂ ಹಿಡಿದು ಹಾಗೇ ಕೂತಳು. ಅತ್ತೆಗೆ ಗೊ‌ತ್ತಿತ್ತು. ಗೊತ್ತಿದ್ದೂ ರೊಟ್ಟಿ ಹಾಕಿದರು, ಗೊತ್ತಿದ್ದೂ "ಹಸಿವಾ" ಎಂದು ಕೇಳಿದರು. ನಾಲ್ಕು ವರ್ಷದ ಅಳುವೆಲ್ಲ ಒಟ್ಟಿಗೇ ಬಂತು, ತಡೆಯಲು ಅವಳು ನೋಡಲೂ ಇಲ್ಲ.

"ಆ ಕರಿ ಬಟ್ಟೆ ನಾನೇ ಅಂಗಡಿಗೆ ಕರ್ಕೊಂಡು ಹೋಗಿ ಕೊಡ್ಸಿದ್ದು," ಎಂದಳು ಪುಷ್ಪಕ್ಕ, ಸೆರಗಿನಲ್ಲಿ ಕಣ್ಣೊರೆಸುತ್ತ. ಈ ತಮಿಳು ಹೆಂಗಸು ಕನ್ನಡ ಕಲಿತದ್ದೂ ಹಲೀನಮ್ಮನಿಂದಲೇ. "ಯಾರ್ಗೂ ಹೇಳ್ಬಾರ್ದು ಅಂತ ಸಾಮಿ ಮೇಲೆ ಆಣೆ ಹಾಕ್ಸಿದ್ರು. ನನ್ ಹೊಟ್ಟೇಲಿ ಮಾತು ಇಟ್ಕೊಳ್ಳೋ ಕಷ್ಟ ನಂಗೇ ಗೊತ್ತು!"

ಯಜ್ಞನಾರಾಯಣ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಅಂಗಿಯ ಅಂಚನ್ನು ಎತ್ತಿ ಬೆಳಕಿಗೆ ಹಿಡಿದರು. "ತಡೀರಿ, ತಡೀರಿ. ಕೆಂಪು ಅಂಚು, ಮಧ್ಯೆ ಸಣ್ಣ ಹಸಿರು ಗೆರೆ. ಸರೋಜ, ಬಾ ಇಲ್ಲಿ. ಇದು ನನ್ನ ಷಷ್ಟ್ಯಬ್ದೀಲಿ ಹಂಚಿದ ಪಂಚೆ ಅಲ್ವೇನೇ? ಮೇಲುಕೋಟೆಯಲ್ಲಿ ಹೇಳಿ ನೇಯ್ಸಿದ್ದು!"

"ಅದೇ ಕಣ್ರೀ! ಆ ಹಸಿರು ಗೆರೆ ಬೇಡ ಅಂತ ನಾನು ಬಡ್ಕೊಂಡಿದ್ದೆ."

"ಡಾಕ್ಟ್ರೇ, ನೀವು ಇದನ್ನ ಒಂದು ದಿನಾನೂ ಉಡ್ಲಿಲ್ವೇ?"

"ನನಗೆ ಪಂಚೆ ನಿಲ್ಲಲ್ಲ ಯಜ್ಞನಾರಾಯಣ. ಕ್ಷಮಿಸಿ," ಎಂದರು ಉಮಾನಾಥ. ಆ ಮನೆಯಲ್ಲಿ ಆ ದಿನ ಮೊದಲ ಬಾರಿಗೆ ಯಾರೋ ನಕ್ಕರು. ಯಜ್ಞನಾರಾಯಣರೂ ನಗಲು ಹೋಗಿ ಅತ್ತುಬಿಟ್ಟರು.

ಫೋನಿನಿಂದ ಒಕ್ಸಾನಾ ಏನೋ ಕೇಳುತ್ತಿದ್ದಳು. ಉಮಾನಾಥರು ಅಂಗಿಯನ್ನು ಅವಳಿಗೆ ತೋರಿಸಿದರು. ಅವಳು ಮುಖವನ್ನು ಪರದೆಗೆ ಅಂಟುವಷ್ಟು ಹತ್ತಿರ ತಂದು ನೋಡಿ ಬಡಬಡನೆ ಮಾತಾಡಿದಳು. ಉಮಾನಾಥರು ಕೇಳಿಸಿಕೊಂಡು ಶಾಂಭವಿಯ ಕಡೆ ತಿರುಗಿದರು.

"ಅಕ್ಕ ಇದರ ವಿಷಯ ನಂಗೆ ಹೇಳಿದ್ಲು ಅಂತಿದಾಳೆ. ಅಮ್ಮನ ಬಟ್ಟೆ ಹಳೇದಾಗಿತ್ತು, ನನ್ನ ಸೊಸೆ ಹೊಸಾ ಬಟ್ಟೆ ಕೊಟ್ಲು, ನಮ್ಮೂರಿನ ಥರಾನೇ ಬಿಳಿ, ಕೆಂಪು ಅಂಚು, ಅದ್ರಲ್ಲೇ ಹೊಲಿದುಕೊಂಡೆ ಅಂತ ಹೇಳಿದ್ಲಂತೆ." ಅವರು ಫೋನನ್ನು ಮೊಮ್ಮಗಳ ಕೈಗೆ ಕೊಟ್ಟರು. "ಆ ಸೊಸೆ ಎಲ್ಲಿ, ನಾನು ಅವಳನ್ನ ನೋಡ್ಬೇಕು ಅಂತಿದಾಳೆ."

ವಿಸ್ಮಯಾ ಫೋನನ್ನು ತಾಯಿಯ ಮುಖದ ಮುಂದೆ ಹಿಡಿದಳು. ಆ ಕಡೆ ಒಬ್ಬ ಮುದುಕಿ, ಈ ಕಡೆ ಶಾಂಭವಿ, ಒಬ್ಬರ ಮಾತು ಒಬ್ಬರಿಗೆ ಬಾರದು. ಒಕ್ಸಾನಾ ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದಳು. ಶಾಂಭವಿ ಕೈ ಮುಗಿದಳು.

"ಉಡಿಸ್ರಮ್ಮ, ಹೊತ್ತಾಯ್ತು," ಎಂದರು ಯಜ್ಞನಾರಾಯಣ, ಮೂಗು ಒರೆಸಿಕೊಂಡು. "ಅವರ ಬಟ್ಟೆ ಅವರು ಹೊಲಿದಿಟ್ಟಿದಾರೆ. ಇನ್ನೇನು ಕೇಳೋದಿದೆ?"

ಗಂಡಸರು ಹೊರಗೆ ಹೋದರು. ಹೆಂಗಸರು ಮೂವರೂ ಸೇರಿ ಉಡಿಸಿದರು. ಅಂಗಿ ಅಳತೆ ತೆಗೆದಂತೆ ಕೂತಿತು. ಶಾಂಭವಿ ಅತ್ತೆ ಕಟ್ಟುತ್ತಿದ್ದ ರೀತಿಯಲ್ಲೇ ತಲೆವಸ್ತ್ರ ಕಟ್ಟಿದಳು, ಕಿವಿಯ ಹಿಂದಿನಿಂದ ತಂದು ಗಲ್ಲದ ಕೆಳಗೆ. ಸರೋಜ ಹಣೆಗೆ ಕಾಸಿನಗಲ ಕುಂಕುಮವಿಟ್ಟು, ಕಸೂತಿ ತೋಳಿನ ಕೆಳಗೆ ಹಸಿರು ಬಳೆ ತೊಡಿಸಿದರು. ಪುಷ್ಪಕ್ಕ ಮಲ್ಲಿಗೆ ತಂದಿದ್ದಳು. ವಿಸ್ಮಯಾ ಬಂದು ನೋಡಿ, "ಶೀ ಲುಕ್ಸ್ ಸೋ ಬ್ಯೂಟಿಫುಲ್," ಎಂದಳು. ಆಮೇಲೆ, ಎಂದೂ ಕನ್ನಡದಲ್ಲಿ ಉತ್ತರ ಕೊಡದ ಹುಡುಗಿ, ಅಜ್ಜಿಯ ಕಿವಿಯ ಹತ್ತಿರ ಬಗ್ಗಿ, "ಹೋಗ್ಬಿಟ್ಟು ಬನ್ನಿ ಬಾಬುಸ್ಯಾ," ಎಂದಳು. ಮನೆಯಿಂದ ಯಾರಾದರೂ ಹೊರಡುವಾಗ ಅಜ್ಜಿ ಹೇಳುತ್ತಿದ್ದ ಮಾತು ಅದು.

*

ಎಲ್ಲ ಮುಗಿಸಿ, ಸ್ನಾನ ಮಾಡಿ, ಬಂದವರನ್ನು ಕಳಿಸಿಕೊಡುವಷ್ಟರಲ್ಲಿ ಸಂಜೆ ಐದಾಗಿತ್ತು. ಉಮಾನಾಥರು ಹಿತ್ತಲಲ್ಲಿ ಸಬ್ಬಸಿಗೆ ಡಬ್ಬಿಗಳ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಶಾಂಭವಿ ಕಾಫಿ ತಂದು ಕೊಟ್ಟು ಮೆಟ್ಟಿಲ ಮೇಲೆ ಕೂತಳು.

"ಅತ್ತೆಗೆ ಯಾವಾಗ ಗೊತ್ತಾಯ್ತು ಮಾವ?"

"ಮರುದಿನಾನೇ."

"ಮರುದಿನಾನಾ!"

"ನೀನು ಎಲ್ಲಿಗೋ ಕಾರು ತಗೊಂಡು ಹೋಗಿದ್ಯಲ್ಲ, ಆವಾಗ. ಬೀರು ಹತ್ರ ನಿಂತು, 'ಉಮಾ, ಇದು ನನ್ನ ಗಂಟಲ್ಲ' ಅಂದ್ಲು. ಅವಳು ಕಟ್ಟೋದು ಮೊಲದ ಕಿವಿ ಥರ. ಇದಕ್ಕೆ ಬಾಲಾನೇ ಇಲ್ಲ. ಗಂಟು ಬಿಚ್ಚದೇ ಮೂಲೆಯಿಂದ ಇಣುಕಿ ನೋಡಿದ್ಲು. ಕೂತು ಸ್ವಲ್ಪ ಹೊತ್ತು ಅತ್ಲು. ಸುಳ್ಳು ಹೇಳಲ್ಲ, ಅತ್ಲು. ಅವಳ ಅಮ್ಮನ ಕೈಬಟ್ಟೆ ಅದು." ಉಮಾನಾಥರು ಕಾಫಿ ಗುಟುಕರಿಸಿದರು. "ಆಮೇಲೆ ನೀನು ವಾಪಸ್ ಬಂದೆ. ಕಣ್ಣು ಊದಿತ್ತು. ನಿನ್ನ ನೋಡಿದವಳೇ ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ಕಲಸಿದ್ಲು."

ಶಾಂಭವಿಗೆ ಆ ರೊಟ್ಟಿ ನೆನಪಿತ್ತು.

"ಸೊಸೆಗೆ ಹೇಳ್ಬಿಡು, ಪಾಪ ಒದ್ದಾಡ್ತಿದಾಳೆ ಅಂತ ನಾನೇ ಎಷ್ಟೋ ಸಲ ಅಂದೆ. 'ನೀನು ಸುಮ್ನಿರು ಉಮಾ, ಹುಡುಗಿ ಇಷ್ಟು ಕಷ್ಟಪಟ್ಟು ಕಟ್ಟಿಟ್ಟಿದಾಳೆ, ಕೆಡಿಸ್ಬಾರ್ದು' ಅಂತಿದ್ಲು. ಅವಳಾಗೇ ಹೇಳ್ಲಿ ಅಂತ ಕಾದ್ಲು. ಆಮೇಲೆ ಕಾಯೋದೂ ಬಿಟ್ಲು, ಹೊಲಿಯೋಕೆ ಶುರು ಮಾಡಿದ್ಲು. ನೀನು ಸ್ಕೂಲಿಗೆ ಪಾಠ ಮಾಡೋಕೆ ಹೊರಟ ತಕ್ಷಣ ಮೂಟೆ ಕೆಳಗೆ. ಮೂರು ಗಂಟೆಗೆ ನೀನು ಬರೋಷ್ಟರಲ್ಲಿ ವಾಪಸ್ ಮೇಲೆ. ಸ್ಟೂಲು ಹಿಡ್ಕೊಳ್ಳೋದು ನನ್ನ ಕೆಲಸ."

"ಆದ್ರೆ ಗಂಟು?" ಎಂದಳು ಶಾಂಭವಿ. "ಇವತ್ತು ಬೆಳಗ್ಗೆ ನೋಡ್ದೆ ಮಾವ. ಅದು ನನ್ನದೇ ಗಂಟು. ಯಾರೂ ಮುಟ್ಟೇ ಇಲ್ಲ ಅಂತ ನಾನು..."

ಉಮಾನಾಥರು ಜೇಬಿನಿಂದ ಫೋನು ತೆಗೆದರು. ಕನ್ನಡಕ ಹಾಕಿಕೊಂಡು, ಬೆರಳಿನಿಂದ ಪರದೆಯನ್ನು ಸರಿಸುತ್ತ ಸರಿಸುತ್ತ ಹಿಂದಿನ ವರ್ಷಗಳಿಗೆ ಹೋದರು.

"ಒಂದು ವಾರ ಪ್ರಾಕ್ಟೀಸ್ ಮಾಡಿದ್ಲು, ಟೀ ಟವೆಲಲ್ಲಿ. ಬರ್ಲಿಲ್ಲ. ಕೊನೆಗೆ, ಅಂಗಾಂಗ ಎಲ್ಲಾ ಬಿಚ್ಚಿ ಜೋಡಿಸೋ ಪ್ರೊಫೆಸರು ನೀನು, ನೀನೇ ಕಲ್ಸು ಅಂತ ನನ್ನ ಮೇಲೆ ಬಿದ್ಲು. ನಂಗೂ ಬರ್ಲಿಲ್ಲ. ಅದಕ್ಕೇ ನಿನ್ನ ಗಂಟು ಬಿಚ್ಚೋಕೆ ಮುಂಚೆ ಈ ಫೋಟೋ ತೆಗೆದಿಟ್ಕೊಂಡ್ವಿ. ದಿನಾ ಇದನ್ನ ನೋಡ್ಕೊಂಡು ಕಟ್ಟೋದು."

ಶಾಂಭವಿ ಫೋನನ್ನು ಎರಡು ಕೈಯಲ್ಲೂ ತೆಗೆದುಕೊಂಡಳು. ಫೋಟೋದಲ್ಲಿ ನೀಲಿ ಹೂವಿನ ಬಟ್ಟೆ, ಅದರ ನಡುವೆ ಅವಳ ಗಂಟು. ಪಕ್ಕದಿಂದ ಹಲೀನಮ್ಮನ ತೋರುಬೆರಳು ಬಂದಿತ್ತು, ತುದಿಗೆ ಸೂಜಿ ಚುಚ್ಚದಂತೆ ಹಾಕಿಕೊಳ್ಳುವ ತವರದ ಟೋಪಿ, ಗೆಣ್ಣಿನ ಮೇಲೆ ಒಣಗಿದ ಅಕ್ಕಿಹಿಟ್ಟು. ಬಾಲ ಒಳಗೆ ಹೋಗುವ ಜಾಗ ಮರೆತುಹೋಗದ ಹಾಗೆ ಆ ಬೆರಳು ಅಲ್ಲೇ ಒತ್ತಿ ಹಿಡಿದಿತ್ತು.